ಕೌಂಟರಿಗೆ ಹಾಸಿದ ಮಿಲ್ಲಿನ ಫೆಲ್ಟು

ಆಗಿನ ದಾಂಡೇಲಿಯಲ್ಲಿ ಗಡಿಯಾರ ಇಲ್ಲದ ಮನೆ ಇರಬಹುದಿತ್ತು, ಫೆಲ್ಟು ಇಲ್ಲದ ಮನೆ ಮಾತ್ರ ಇರಲಿಲ್ಲ. ಹೊತ್ತು ತಿಳಿಯಲು ಕಾಗದದ ಮಿಲ್ಲಿನ ಭೋಂಗಾ ಕೂಗುತ್ತಿತ್ತು, ಮಲಗಲು ಮಿಲ್ಲಿನ ಫೆಲ್ಟು ಇತ್ತು. ನೋಡದವರಿಗಾಗಿ ಹೇಳುತ್ತೇನೆ. ಕಾಗದ ಮಾಡುವ ಯಂತ್ರದಲ್ಲಿ ಹಸಿ ಕಾಗದದ ನೀರು ಹೀರಿಕೊಳ್ಳಲು ದಪ್ಪನೆಯ ಉಣ್ಣೆಯ ಹಾಸೊಂದು ಸುತ್ತುತ್ತಿರುತ್ತದೆ, ಅದೇ ಫೆಲ್ಟು. ಸವೆದ ಫೆಲ್ಟು ಹರಾಜಿಗೆ ಬಂದರೆ ಊರ ಮಂದಿ ಕೊಂಡು, ಕೊಯ್ದು, ಕಾಳಿ ಹೊಳೆಯಲ್ಲಿ ಒಗೆದು ಹಾಸಿಗೆ ಮಾಡಿಕೊಳ್ಳುತ್ತಿದ್ದರು. ನಾವೆಲ್ಲ ಅದರ ಮೇಲೇ ಹುಟ್ಟಿ, ಅದರ ಮೇಲೇ ಜ್ವರ ಬಂದು ಮಲಗಿ, ಅದರ ಮೇಲೇ ದೊಡ್ಡವರಾದೆವು. ಎಷ್ಟು ಒಗೆದರೂ ಅದರಿಂದ ಮಿಲ್ಲಿನ ವಾಸನೆ ಹೋಗುತ್ತಿರಲಿಲ್ಲ. ಹೊರಗಿನವರು ಮೂಗು ಮುಚ್ಚಿಕೊಳ್ಳುತ್ತಿದ್ದ ಆ ವಾಸನೆ ಬಂದರೆ ನನಗೆ ಇವತ್ತಿಗೂ ನಿದ್ದೆ ಬರುತ್ತದೆ.

ನಮ್ಮ ಅಪ್ಪ ಫೋಟೋಗಳಿಗೆ ಕಟ್ಟು ಹಾಕುತ್ತಿದ್ದ. ಮನೆಯ ಮುಂದಿನ ಕೋಣೆಯೇ ಅಂಗಡಿ. ಅದರಲ್ಲಿ ಒಬ್ಬ ಆಳು ಮಲಗುವಷ್ಟು ಉದ್ದನೆಯ ಹಲಗೆಯ ಕೌಂಟರು, ಅದರ ಮೇಲೆ ಬಿಗಿಯಾಗಿ ಹಾಸಿದ ಫೆಲ್ಟು. ಗಾಜು ಕೊಯ್ಯಲು ಅದರಷ್ಟು ಒಳ್ಳೆಯ ಹಾಸು ಬೇರೆ ಇರಲಿಲ್ಲ. ಮೆತ್ತಗೆ ಇದ್ದರೂ ಕುಸಿಯುವುದಿಲ್ಲ. ಅಪ್ಪ ಗಾಜು ಕೊಯ್ಯುವ ಕಟರಿನ ಪುಟ್ಟ ಗಾಲಿಯನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಉಸಿರು ಹಿಡಿದು, ಒಂದೇ ಸಲಕ್ಕೆ ಗೆರೆ ಎಳೆಯುತ್ತಿದ್ದ. ಆ ಸದ್ದಿಗೆ ನನ್ನ ಹಲ್ಲು ಜುಮ್ಮೆನ್ನುತ್ತಿತ್ತು. ಕೌಂಟರಿನ ಕೆಳಗೆ ಕೂತು ಕಟ್ಟಿನ ಮರದ ಪಟ್ಟಿಯ ತ್ರಿಕೋನ ತುಣುಕುಗಳಿಂದ ಮನೆ ಕಟ್ಟುವುದು ನನ್ನ ಆಟ. ಮಧ್ಯಾಹ್ನ ಗಿರಾಕಿ ಇಲ್ಲದಾಗ ಅಪ್ಪ ಅದೇ ಕೌಂಟರಿನ ಮೇಲೆ ಅಡ್ಡಾಗುತ್ತಿದ್ದ. ಮೇಲಿನಿಂದ ಗೊರಕೆ, ಕೆಳಗೆ ನನ್ನ ಮನೆ ಕಟ್ಟುವ ಕೆಲಸ.

ದೇವರ ಫೋಟೋ, ಮದುವೆಯ ಫೋಟೋ ಬರುತ್ತಿದ್ದವು, ನಿಜ. ಆದರೆ ಹೆಚ್ಚಿಗೆ ಬರುತ್ತಿದ್ದುದು ತೀರಿಹೋದವರದು. ತಿಥಿಯ ದಿವಸದ ಊಟದೊಳಗೆ ಕಟ್ಟು ಹಾಕಿ ಕೊಡಬೇಕಲ್ಲ, ಮನೆಯವರು ಎದುರಿಗೇ ನಿಂತಿರುತ್ತಿದ್ದರು. ಹಿಂದಿನ ರಟ್ಟು ಕೂರಿಸಿ ಮೊಳೆ ಹೊಡೆಯಲು ಫೋಟೋವನ್ನು ಮುಖ ಕೆಳಗಾಗಿ ಮಗುಚಲೇಬೇಕು. ಆಗ ಎದುರಿಗಿದ್ದವರ ಮುಖ ಒಂಥರಾ ಆಗುತ್ತಿತ್ತು. ಅದಕ್ಕೇ ಅಪ್ಪನಿಗೆ ಒಂದು ರೂಢಿ. ಮಗುಚುವ ಮೊದಲು ಫೋಟೋದ ಗಾಜನ್ನು ಧೋತರದ ತುಂಡಿನಿಂದ ಒರೆಸಿ, ಒಳಗಿದ್ದವರಿಗೆ ಮೆಲ್ಲಗೆ ಹೇಳುತ್ತಿದ್ದ: "ಒಂದೀಟು ಮಲಕೊಳ್ರಿ ಯಜಮಾನ್ರ, ಈಗ ಎಬ್ಬಸ್ತೇನಿ." ಹೆಂಗಸರಾದರೆ "ಮಲಕೊಳ್ಳವಾ". ಕೆಲಸ ಮುಗಿಸಿ ನೆಟ್ಟಗೆ ನಿಲ್ಲಿಸಿ, "ಏಳ್ರಿ, ಮಂದಿ ಬಂದಾರ" ಎನ್ನುತ್ತಿದ್ದ. ಗಟ್ಟಿ ಮನಸ್ಸಿನ ಗಂಡಸರೂ ಆಗ ಕಣ್ಣು ಒರೆಸಿಕೊಂಡದ್ದನ್ನು ನಾನು ಕೌಂಟರಿನ ಕೆಳಗಿನಿಂದ ನೋಡಿದ್ದೇನೆ.

ಒಂದು ವರ್ಷ ದಸರೆ ಮುಗಿದು ದೀಪಾವಳಿ ಇನ್ನೂ ದೂರವಿದ್ದಾಗ ಅಪ್ಪ ಮಧ್ಯಾಹ್ನ ಮಲಗಿದವನು ಏಳಲಿಲ್ಲ. ನಾನು ಚುರುಮುರಿ ತಿನ್ನುತ್ತ ಕೆಳಗೇ ಕೂತಿದ್ದೆ. ಗೊರಕೆ ನಿಂತದ್ದು ನನಗೆ ತಿಳಿಯಲೇ ಇಲ್ಲ.

ಧಾರವಾಡದ ಕಡೆಯಿಂದ ಅವ್ವನ ಅಣ್ಣ ಬಂದ. ಎಲ್ಲವನ್ನೂ ನಿಂತು ಮಾಡಿದವನು ಮಾಮಾನೇ, ಅವನನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಸತ್ತವರ ಹಾಸಿಗೆ ಮನೆಯಲ್ಲಿ ಇಡಬಾರದೆಂದು ನಮ್ಮಲ್ಲಿ ಪದ್ಧತಿ. ಮಣ್ಣು ಮಾಡಿ ಬಂದವನೇ ಅಪ್ಪ ಮಲಗುತ್ತಿದ್ದ ಫೆಲ್ಟನ್ನು ಸುತ್ತಿದ, ಕೌಂಟರಿನ ಮೇಲಿನದನ್ನೂ ಕಿತ್ತು ಸುತ್ತಿದ, ಎರಡನ್ನೂ ಮೌಳಂಗಿಯ ಕಡೆ ಒಯ್ದು ಹೊಳೆಗೆ ಬಿಟ್ಟು ಬಂದ. ಹೊರಗಿನ ಮನುಷ್ಯ, ಅವನಿಗೇನು ಗೊತ್ತು? ಜೀವ ಹೋದದ್ದೂ ಕೌಂಟರಿನ ಮೇಲೆಯೇ.

ಅವ್ವ ಬರಿ ಹಲಗೆ ನೋಡಿ, "ಅಣ್ಣಾ, ಇದರ ಮ್ಯಾಲಿಂದು ಎಲ್ಲಿ?" ಎಂದಳು.

"ಹಾಸಿಗಿ ಅಲ್ಲೇನ ಅದು? ಎರಡೂ ಒಂದ ನಮೂನಿ ಇದ್ದೂವು."

"ಅದು ಹಾಸಿಗಿ ಅಲ್ಲೋ. ಅದು ಅಂಗಡಿ."

ಅಲ್ಲಿಯವರೆಗೆ ಎದೆಯಲ್ಲಿ ಹಿಡಿದಿಟ್ಟುಕೊಂಡದ್ದನ್ನೆಲ್ಲ ಅವ್ವ ಆಗ ಅತ್ತಳು. ಹೆಣದ ಮುಂದೆ ಕೂಡ ಹಾಗೆ ಅತ್ತಿರಲಿಲ್ಲ.

ತಪ್ಪು ತಿದ್ದಬೇಕೆಂದೋ ಏನೋ, ಎರಡು ದಿನ ಬಿಟ್ಟು ಮಾಮಾ ಬಡಿಗನ ಹತ್ತಿರ ಹೋಗಿ ಸನ್ಮೈಕಾದ ನಮೂನೆಗಳನ್ನು ತಂದ. ಅಂಗೈಯಗಲದ ಹಾಳೆಗಳು, ಮೂಲೆಯಲ್ಲಿ ತೂತು ಕೊರೆದು ದಾರದಲ್ಲಿ ಪೋಣಿಸಿದ್ದವು. ಕಟ್ಟಿಗೆಯ ಗೆರೆ ಇದ್ದದ್ದು, ಹಾಲಿನಂಥದು, ನೀಲಿಯ ಮೇಲೆ ಚುಕ್ಕಿ ಇದ್ದದ್ದು. ನನಗೆ ನೀಲಿಯದೇ ಬೇಕೆನಿಸಿತು, ದುಃಖದ ಮನೆಯಲ್ಲೂ ಮಕ್ಕಳ ಕಣ್ಣು ಹೊಳೆಯುವ ಕಡೆಗೇ ಹೋಗುತ್ತದೆ. ಅವ್ವ ಒಂದೊಂದನ್ನೂ ಬೆರಳಿನಿಂದ ಸವರಿದಳು.

"ಭಾಳ ಜಾರತೈತಿ. ಇದರ ಮ್ಯಾಲ ಗ್ಲಾಸ್ ಹೆಂಗ ಕೊಯ್ಯೂದು?"

"ಗ್ಲಾಸ್ ಇನ್ನ ಯಾರು ಕೊಯ್ಯತಾರ ತಂಗಿ?" ಮಾಮಾ ಮೆತ್ತಗೆ ಹೇಳಿದ. "ಕೌಂಟರ್ ಚಂದ ಮಾಡಿ ಅಂಗಡಿ ಬಾಡಿಗಿ ಕೊಡೂಣು. ಬಳಿ ಅಂಗಡಿಯವರು ಕೇಳ್ಯಾರ. ನೀವಿಬ್ಬರೂ ನಮ್ಮ ಮನಿಗೆ ಬರ್ರಿ."

ಆಗ ನನಗೆ ತಿಳಿಯಿತು. ಬಣ್ಣ ಆರಿಸುವುದು ನೆಪ. ಸನ್ಮೈಕಾ ಅಂಟಿಸಿದರೆ ಅಪ್ಪನ ಅಂಗಡಿ ಇರುವುದಿಲ್ಲ, ನಾವು ದಾಂಡೇಲಿಯಲ್ಲೂ ಇರುವುದಿಲ್ಲ. ನೀಲಿ ಹಾಳೆಯನ್ನು ಕೈಯಿಂದ ಕೆಳಗಿಟ್ಟೆ.

ಅವ್ವ ನಮೂನೆಗಳನ್ನು ಒಟ್ಟುಮಾಡಿ ಪಕ್ಕಕ್ಕಿಟ್ಟಳು. "ಮೊದಲ ಅವರ ಫೋಟೋಕ್ಕ ಕಟ್ಟು ಆಗಲಿ" ಎಂದಳು.

"ಬಜಾರದಾಗ ಕೊಟ್ಟು ಹಾಕಿಸ್ಕೊಂಡು ಬರ್ತೇನಿ."

"ಊರ ಮಂದಿಗೆಲ್ಲ ಹಾಕಿಕೊಟ್ಟಾರು. ಅವರದು ಬ್ಯಾರೆ ಕಡೆ ಹಾಕಸ್ಬೇಕೇನು?"

ಅವ್ವ ಅದುವರೆಗೆ ಗಾಜು ಕೊಯ್ದವಳಲ್ಲ. ಕಟ್ಟಿನ ಹಿಂಬದಿಗೆ ಕಾಗದ ಅಂಟಿಸುವುದು, ಗಾಜು ಒರೆಸುವುದು, ಸರೇಸಿನ ಅಂಟು ಕುದಿಸುವುದು ಅವಳ ಪಾಲಿನ ಕೆಲಸ. ಆದರೂ ಮರುದಿನ ಬೆಳಿಗ್ಗೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಗಾಜನ್ನು ಬರಿ ಹಲಗೆಯ ಮೇಲಿಟ್ಟು, ಅಪ್ಪನ ಹಾಗೆಯೇ ಉಸಿರು ಹಿಡಿದು ಗೆರೆ ಎಳೆದಳು. ಗೆರೆ ಚೆನ್ನಾಗಿಯೇ ಬಂತು. ಅದುಮಿದ್ದೇ ತಡ, ಗಾಜು ಅಡ್ಡಾದಿಡ್ಡಿ ಸೀಳಿತು. ಹಲಗೆಯಲ್ಲಿ ಒಂದು ಹಳೆಯ ಮೊಳೆಯ ತಲೆ ಎದ್ದಿತ್ತು. ಇಷ್ಟು ವರ್ಷ ಫೆಲ್ಟು ಅದನ್ನು ಮುಚ್ಚಿಕೊಂಡಿತ್ತು.

ಸತ್ತವರ ಫೋಟೋದ ಗಾಜು ಒಡೆದರೆ ನೋಡಿದವರು ಏನೇನೋ ಅನ್ನುತ್ತಾರೆ. ಮಾಮಾ ದೇವರ ಕಡೆ ನೋಡಿ ಕೈ ಮುಗಿದ. ಅವ್ವ ಬೆರಳಿನ ರಕ್ತ ಒರೆಸಿಕೊಳ್ಳುತ್ತ, "ಆತು ಬಿಡು. ಬಡಿಗಗ ಹೇಳಿ ಕಳಿಸು" ಎಂದಳು. ನಾನು ಓಡಿದ್ದು ಪಕ್ಕದ ಮನೆಯ ಖಾದರ ಕಾಕಾನ ಹತ್ತಿರ. ಮಿಲ್ಲಿನಲ್ಲಿ ಅವನು ಕಾಗದದ ಯಂತ್ರದ ಮೇಲೆಯೇ ಕೆಲಸ ಮಾಡುತ್ತಿದ್ದ. ಪಾಳಿ ಮುಗಿಸಿ ಬಂದು ಆಗಷ್ಟೇ ಮಲಗಿದ್ದ.

"ಕಾಕಾ, ಮಿಲ್ಲಿನಾಗ ಫೆಲ್ಟ್ ಐತೇನು? ಈಗ ಬೇಕು. ಇಲ್ಲಂದ್ರ ನಾವು ಹೊಕ್ಕೇವಿ."

"ಎಲ್ಲಿಗೆ ಹೋಗ್ತೀರವ್ವಾ?" ಎಂದು ಎದ್ದು ಕೂತ. ನಾನು ತೊದಲುತ್ತ ಹೇಳಿದ್ದರಲ್ಲಿ ಅವನಿಗೆ ಎಷ್ಟು ತಿಳಿಯಿತೋ. ಹರಾಜಾಗುವುದು ಯಾವಾಗಲೋ, ಅಲ್ಲಿಯವರೆಗೆ ಕಾಯಲಾಗದು ಎಂಬುದಂತೂ ತಿಳಿಯಿತು. ಕೂತಿದ್ದ ಹಾಸಿಗೆಯನ್ನೇ ಒಮ್ಮೆ ನೋಡಿದ, ಹೆಂಡತಿಯ ಮುಖ ನೋಡಿದ. ಅವಳು ಹಾಸಿಗೆಯ ಮೇಲಿನ ಚಾದರ ಎಳೆದು ತೆಗೆದಳು. ಕಾಕಾ ಫೆಲ್ಟನ್ನು ಸುತ್ತಿ ಹೆಗಲ ಮೇಲೆ ಹೊತ್ತ.

ಅವ್ವ ಬಾಗಿಲಲ್ಲೇ ತಡೆದಳು. "ಖಾದರಣ್ಣಾ, ನೀವು ಮಲಗೂ ಹಾಸಿಗಿ ಇದು. ಬ್ಯಾಡ್ರಿ."

"ವೈನಿ, ನಿಮ್ಮ ಅಂಗಡಿ ಹಾಸು ಒಯ್ದು ಹಾಸಿಗಿ ಅಂತ ಹೊಳಿಗೆ ಬಿಟ್ರಿ. ಈಗ ನಮ್ಮ ಹಾಸಿಗಿ ಅಂಗಡಿಗೆ ಹಾಕ್ರಿ. ಲೆಕ್ಕ ಸರಿ ಆಗ್ಲಿ." ಹಾಗೆಂದು ಫೆಲ್ಟನ್ನು ಹೆಗಲಿನಿಂದ ಇಳಿಸಿದ. "ನಮ್ಮ ಅಬ್ಬಾನ ಫೋಟೋ ಅಂವಾನ ಹಾಕಿಕೊಟ್ಟಾನ್ರಿ."

ಎದ್ದಿದ್ದ ಮೊಳೆಯನ್ನು ಮಾಮಾನೇ ಬಡಿದು ಕೂರಿಸಿದ. ಕಾಕಾ, ಅವನು ಇಬ್ಬರೂ ಎರಡು ಕಡೆ ಎಳೆದು ಹಿಡಿದು ಫೆಲ್ಟು ಬಿಗಿದರು. ಅವ್ವ ಅಂಗೈಯಿಂದ ಅದನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಸವರಿದಳು. ಈ ಸಲ ಗಾಜು ಟಕ್ಕೆಂದು ಗೆರೆಯ ಗುಂಟ ಬೇರೆಯಾಯಿತು.

ಕಟ್ಟಿನಲ್ಲಿ ಗಾಜು ಕೂತಿತು, ಅಪ್ಪ ಕೂತ. ಇನ್ನು ಮಗುಚಬೇಕು. ಅವ್ವ ಎರಡೂ ಕೈಯಲ್ಲಿ ಹಿಡಿದು ನಿಂತೇ ಇದ್ದಳು. ಹದಿಮೂರು ವರ್ಷ ಸಂಸಾರ ಮಾಡಿದ ಗಂಡನನ್ನು ಮುಖ ಅಡಿ ಮಾಡಿ ಮಲಗಿಸಲು ಅವಳ ಕೈ ಬರಲಿಲ್ಲ. ಕಾಕಾ ಮುಖ ಆಚೆ ತಿರುಗಿಸಿದ. ಆಮೇಲೆ ಅವ್ವ ಸೆರಗಿನಿಂದ ಗಾಜು ಒರೆಸಿ, ನಮಗ್ಯಾರಿಗೂ ಕೇಳಬಾರದೆಂಬಂತೆ ಹೇಳಿದಳು: "ಒಂದೀಟು ಮಲಕೊಳ್ರಿ. ನಾ ಎಬ್ಬಸ್ತೇನಿ."

ಸನ್ಮೈಕಾದ ನಮೂನೆಗಳನ್ನು ಮಾಮಾ ಸಂಜೆ ಬಡಿಗನಿಗೆ ವಾಪಸು ಕೊಟ್ಟು ಬಂದ. ದೀಪಾವಳಿಗೆ ಅಂಗಡಿ ತೆರೆಯಿತು. ಆ ಫೆಲ್ಟಿನ ಮೇಲೆ ಅವ್ವ ನನ್ನನ್ನು ಓದಿಸಿದಳು, ಮುಂಡಗೋಡಿಗೆ ಮದುವೆ ಮಾಡಿ ಕೊಟ್ಟಳು, ಊರಿನ ಎಷ್ಟೋ ಮಂದಿಯನ್ನು ಮಲಗಿಸಿ ಎಬ್ಬಿಸಿದಳು. ಖಾದರ ಕಾಕಾನನ್ನೂ.

ಕಣ್ಣು ಮಂಜಾದ ಮೇಲೆ ಅವ್ವ ನಮ್ಮ ಮನೆಗೇ ಬಂದಳು. ದಾಂಡೇಲಿಯ ಅಂಗಡಿಯಲ್ಲಿ ಈಗ ಮೊಬೈಲಿನ ಕವರು ಮಾರುತ್ತಾರೆ. ಮೊನ್ನೆ ಹೋದಾಗ ನೋಡಿದೆ, ಅದೇ ಹಲಗೆ, ಮೇಲೆ ಕಟ್ಟಿಗೆಯ ಗೆರೆ ಇರುವ ಸನ್ಮೈಕಾ. ಚಂದವೇ ಇದೆ, ಸುಳ್ಳು ಹೇಳಬಾರದು. ಉಣ್ಣೆಯ ಫೆಲ್ಟು ಎಲ್ಲಾದರೂ ಸಿಕ್ಕೀತೇ ಎಂದು ಕೇಳಿದರೆ ಅಲ್ಲಿದ್ದ ಹುಡುಗಿ, "ಅಂದ್ರ ಏನ್ರಿ ಅಕ್ಕಾ?" ಎಂದಳು.

ಹೋದ ವರ್ಷ ಅವ್ವ ತೀರಿಕೊಂಡಳು. ನನ್ನ ಮಗ ಫೋನಿನಲ್ಲಿದ್ದ ಫೋಟೋ ಕಳಿಸಿ, ಗಂಟೆಯೊಳಗೆ ಕಟ್ಟು ಸಮೇತ ಮಾಡಿಸಿ ತಂದ. ಗಾಜಿಲ್ಲ, ಮೊಳೆಯಿಲ್ಲ, ಯಂತ್ರವೇ ಎಲ್ಲ ಅಂಟಿಸುತ್ತದಂತೆ, ಮಗುಚುವ ಕೆಲಸವೇ ಇಲ್ಲವಂತೆ. ಒಳ್ಳೆಯ ಫೋಟೋ, ಅವ್ವ ನಗುತ್ತಿದ್ದಾಳೆ. ದಿವಸಕ್ಕೆ ಬಂದವರೆಲ್ಲ ಹೂ ಹಾಕಿ ಹೋದರು. ಊರ ಮಂದಿಗೆಲ್ಲ ಮಲಕೊಳ್ರಿ ಎಂದವಳಿಗೆ ಒಂದೀಟು ಮಲಕೋ ಎಂದು ಯಾರೂ ಹೇಳಲಿಲ್ಲ.