ಎಂಟು ಅಕ್ಷರದ ಗುಟ್ಟು

ನಮ್ಮ ಕಾರ್ಖಾನೆಯ ಹನ್ನೆರಡು ಜನರ ಗುಟ್ಟು ಹೋದ ವಾರ ಚಹಾದ ಹೊತ್ತಿಗೆ ಬಯಲಾಯಿತು. ಬಯಲು ಮಾಡಿದವನು ನಾನೇ.

ಹೊಟ್ಟೆಪಾಡಿಗೆ ನಾನು ಕಂಪ್ಯೂಟರ್ ವಿಭಾಗದಲ್ಲಿರುವುದು ನಿಮಗೆ ಗೊತ್ತಿದೆ. (ಅಂಕಣ ರವಿವಾರದ ಚಟ.) ಈ ವರ್ಷ ಬೆಳಗಾವಿಯ ನಮ್ಮ ಕಾರ್ಖಾನೆಗೆ ಒಂದು ಕಂಪ್ಯೂಟರ್ ಬಂತು. ಯಾರು ಬೇಕಾದರೂ ಬಂದು ಅದರ ಕೀಲಿ ಒತ್ತುವಂತಿಲ್ಲ. ಮೊದಲು ನಿಮ್ಮ ಹೆಸರು ಬರೆಯಬೇಕು. ಆಮೇಲೆ ನಿಮಗಷ್ಟೇ ಗೊತ್ತಿರುವ ಒಂದು ಪದ, ಅಂದರೆ ಪಾಸ್‌ವರ್ಡ್. ಎರಡೂ ಹೊಂದಿದರೆ ಒಳಗೆ ಪ್ರವೇಶ. ಈ ವ್ಯವಸ್ಥೆ ಬರೆದವನು ನಾನು.

ಸ್ಟೋರ್‌ಕೀಪರ್ ಬಸವಣ್ಣೆಪ್ಪ ಕಾಕಾ ದಿನಾ ಖಾನಾಪುರದಿಂದ ರೈಲಿನಲ್ಲಿ ಬರುವವರು. ನಿವೃತ್ತಿಗೆ ಎರಡೇ ವರ್ಷ. ಹಿರಿಯರಲ್ಲಿ ಕಂಪ್ಯೂಟರಿಗೆ ಹೆದರದವರು ಅವರೊಬ್ಬರೇ. ಪಾಸ್‌ವರ್ಡ್ ಆರಿಸುವ ದಿನ ನನ್ನನ್ನು ಕೇಳಿದರು:

"ಇಂಗ್ಲಿಷಿನ್ಯಾಗ ಎಷ್ಟ ಅಕ್ಷರ ಇರಬೇಕಪಾ?"

"ಎಂಟರ ತನಕ, ಕಾಕಾ."

ಬೆರಳು ಮಡಚಿ ಎಣಿಸಿದರು. ಮುಖ ಅರಳಿತು. "ಬರೋಬ್ಬರಿ ಎಂಟ ಐತಿ!"

ಈಗ ನನ್ನ ತಪ್ಪಿಗೆ ಬರೋಣ. ಯಾರ ಹೆಸರು, ಯಾವ ವಿಭಾಗ, ಯಾವ ಪಾಸ್‌ವರ್ಡ್, ಎಲ್ಲವನ್ನೂ ನಾನು ಒಂದೇ ಫೈಲಿನಲ್ಲಿ, ಯಾರಾದರೂ ಓದುವಂತೆ ಇಟ್ಟಿದ್ದೆ. ಬುಧವಾರ ತಪಾಸಣೆಗೆಂದು ಅದನ್ನು ಪ್ರಿಂಟ್ ಮಾಡಿದೆ. ಸಾಹೇಬರು ಕರೆದರೆಂದು ಎದ್ದು ಹೋದೆ. ಹಾಳೆ ಪ್ರಿಂಟರಿನಲ್ಲೇ ಉಳಿಯಿತು.

ಬರುವಷ್ಟರಲ್ಲಿ ಡಿಸ್ಪ್ಯಾಚ್ ಕ್ಲಾರ್ಕ್ ಪರಶರಾಮ ಅದನ್ನು ಕ್ಯಾಂಟೀನಿನಲ್ಲಿ ಗಟ್ಟಿಯಾಗಿ ಓದುತ್ತಿದ್ದ. ಒಬ್ಬರದು ಮನೆದೇವರು, ಒಬ್ಬರದು ಮಗಳು, ಇನ್ನೊಬ್ಬರದು ಸಾಹೇಬರಿಗೆ ಬೈಗುಳ.

"ಕಾಕಾ, ನಿಮ್ಮ ಮುಂದ ನೀಲವ್ವ ಅಂತ ಐತಿ. ಯಾರ್ರೀ ಈ ನೀಲವ್ವ? ನಮಗೂ ಹೇಳ್ರಲಾ!"

ಎಲ್ಲರೂ ನಕ್ಕರು. ಕಾಕಾ ಅರ್ಧ ಚಹಾ ಬಿಟ್ಟು ಎದ್ದರು. ಮರುದಿನ ಕಂಪ್ಯೂಟರಿನ ಬಳಿ ಸುಳಿಯಲೇ ಇಲ್ಲ. ಹಳೆಯ ರಿಜಿಸ್ಟರ್ ತೆಗೆದರು. ನಾನು ಮಾತಾಡಿಸಲು ಹೋದರೆ, "ನೀ ನಿನ್ನ ಕೆಲಸ ನೋಡ್ಕೋ ತಮ್ಮಾ" ಎಂದರು, ಅಷ್ಟೇ. ಬೈದಿದ್ದರೆ ವಾಸಿಯಿತ್ತು. ನಂಬಿ ಕೊಟ್ಟದ್ದನ್ನು ಬೀದಿಗಿಟ್ಟವನಿಗೆ ಇನ್ನೇನು ಹೇಳಬೇಕಿತ್ತು?

ರವಿವಾರ ಹಿಂದವಾಡಿಯ ನಮ್ಮ ಮನೆಯಿಂದ ಹೊರಟು, ಮಿಠಾಯಿ ಅಂಗಡಿಯಲ್ಲಿ ಕುಂದಾ ಕಟ್ಟಿಸಿಕೊಂಡು, ಖಾನಾಪುರದ ರೈಲು ಹತ್ತಿದೆ. ಬಾಗಿಲು ತೆರೆದದ್ದು ಕಾಕಾನ ಹೆಂಡತಿ, ಅಂದರೆ ಕಾಕು. "ಬರ್ರಿ, ಕುಂದರ್ರಿ" ಎಂದು ಒಳಗೆ ಕರೆದರು. ಕಾಕಾ ಅಲ್ಲೇ ಕುರ್ಚಿಯಲ್ಲಿದ್ದರು.

"ಕಾಕಾ, ನನ್ನಿಂದ ತಪ್ಪಾತು. ನಿಮ್ಮ ಗುಟ್ಟ ನಾ ಜ್ವಾಕಿಲೆ ಇಡಬೇಕಿತ್ತು."

"ಎಂಥಾ ಗುಟ್ಟ?" ಕಾಕು ನಿಂತಲ್ಲಿಂದಲೇ ಕೇಳಿದರು.

ಕಾಕಾ ಕಿಟಕಿಯ ಕಡೆ ನೋಡಿದರು. ನಾನು ಹೇಳಿಬಿಟ್ಟೆ. (ಇದು ಎರಡನೆಯ ತಪ್ಪೋ ಏನೋ.) "ಮಷಿನ್ ಚಾಲೂ ಆಗಾಕ ದಿನಾ ಮುಂಜಾನೆ ಒಂದ ಶಬ್ದ ಬರೀಬೇಕ್ರೀ ಕಾಕು. ಕಾಕಾ ಒಂದ ಹೆಸರ ಬರೀತಿದ್ರು. ನೀಲವ್ವ ಅಂತ."

"ಅದು ನನ್ನ ಹೆಸರಲಾ!"

ಆಮೇಲೆ ಮೆಲ್ಲಗೆ ಹೇಳಿದರು: "ಲಗ್ನಾಗಿ ಮೂವತ್ತೆರಡ ವರ್ಷ ಆತ್ರೀ. 'ಏ, ಇಲ್ಲಿ ಕೇಳ' ಅನ್ನೋದ ಬಿಟ್ರ ಒಮ್ಮೆರ ಹೆಸರ ಹಿಡದ ಕರದಿಲ್ಲ ಇವರು. ಅಲ್ಲಿ ದಿನಾ ಬರೀತಿದ್ರೇನು?"

"ದಿನಾ ಕಾಕು. ಒಂದ ದಿನಾನೂ ತಪ್ಪ ಬರದಿಲ್ಲ."

ಸೆರಗನ್ನು ಬಾಯಿಗೊತ್ತಿಕೊಂಡು ಚಹಾ ಮಾಡಲು ಹೋದರು. ಆ ಚಹಾ ಬರಲು ಬಹಳ ಹೊತ್ತಾಯಿತು.

"ಹೆಸರ ಕರದ್ರ ಅವ್ವ ಬೈತಿದ್ಲು," ಎಂದರು ಕಾಕಾ, ಕಿಟಕಿಗೆ ಹೇಳುವಂತೆ. "ಅವ್ವ ಹ್ವಾದ ಮ್ಯಾಲೂ ನನಗ ರೂಢಿ ಆಗ್ಲಿಲ್ಲ."

ಅಷ್ಟರಲ್ಲಿ ನಾನು ಆ ವ್ಯವಸ್ಥೆಯನ್ನು ತಿದ್ದಿ ಬರೆದಿದ್ದೆ. ಸೋಮವಾರ ಕಾಕಾ ತಾವಾಗಿ ಬಂದು ಕಂಪ್ಯೂಟರಿನ ಮುಂದೆ ಕುಳಿತರು. "ಈಗ ನಮ್ಮ ಶಬ್ದ ಹೆಂಗ ಇಡ್ತೀ?"

"ನೀವು ಬರದ ಶಬ್ದಾನ ಮಷಿನ್ ಓದಾಕ ಬರದಂಗ ಕಲಸಿ ಇಡತೈತಿ ಕಾಕಾ. ನನಗೂ ತಿಳಿಯೂದಿಲ್ಲ."

"ಮತ್ತ ಅದು ನನ್ನ ಗುರ್ತ ಹೆಂಗ ಹಿಡಿತೈತಿ?"

"ನೀವು ಮತ್ತ ಬರದಾಗ ಅದನ್ನೂ ಹಂಗ ಕಲಸತೈತಿ. ಎರಡೂ ಒಂದ ಥರ ಇದ್ರ ಒಳಗ ಬಿಡತೈತಿ."

"ಆ ಕಡೆ ತಿರುಗು ಹಂಗಾರ."

ತಿರುಗಿದೆ. ಏನು ಬರೆದರೋ, ನಾನರಿಯೆ. ಪರಶರಾಮ ಚಹಾ ತಂದು ಅವರ ಮೇಜಿನ ಮೇಲಿಟ್ಟು, "ತಪ್ಪಾತ್ರಿ ಕಾಕಾ" ಎಂದ. ಅವರು ಪೂರ್ತಿ ಕುಡಿದರು. ಹೋಗುವಾಗ ನನ್ನ ಕಿವಿಯಲ್ಲಿ, "ಮನ್ಯಾಗ ಹೆಸರ ಹಿಡದ ಕರ್ಯಾಕ ಸುರು ಮಾಡೇನಿ. ಓ ಅನ್ನಾಕ ಇನ್ನೂ ನಾಚತಾಳ" ಎಂದರು. (ಇಲ್ಲಿ ಎಲ್ಲರ ಹೆಸರನ್ನೂ ಬದಲಿಸಿದ್ದೇನೆ. ಅಷ್ಟಾದರೂ ಬುದ್ಧಿ ಬಂದಿದೆ.)

ಇದನ್ನೆಲ್ಲ ಮನೆಯಲ್ಲಿ ಹೇಳಿದೆ. ಹೆಂಡತಿ ಕಣ್ಣೊರೆಸಿಕೊಂಡು ಕೇಳಿದಳು: "ಆ ಹಾಳ್ಯಾಗ ನಿಮ್ಮದೂ ಇತ್ತಲ್ರೀ, ಏನಿತ್ತು?"

ನನ್ನ ಸ್ಕೂಟರಿನ ನಂಬರು ಎಂದು ಯಾವ ಬಾಯಿಂದ ಹೇಳಲಿ?