ಹರಕೆಯ ಗಡ್ಡ

ಬಿಸಿಯೂಟದ ಸಾರು ನನ್ನ ಗಡ್ಡದಲ್ಲಿ ಸಂಜೆಯವರೆಗೂ ಒಣಗುತ್ತಿದ್ದ ಕಾಲವೊಂದಿತ್ತು. ಮುಖ ಕಿವುಚಬೇಡಿ ಗೆಳೆಯರೇ. ಅದು ಸೋಮಾರಿಯ ಗಡ್ಡವಲ್ಲ, ಹರಕೆಯ ಗಡ್ಡ. ನಮ್ಮ ಹನೂರು ಸೀಮೆಯಲ್ಲಿ ಕಷ್ಟ ಬಂದ ಗಂಡಸು ಮಲೆಯ ಮಾದಪ್ಪನಿಗೆ ಕೈಮುಗಿದು ಕ್ಷೌರ ನಿಲ್ಲಿಸುತ್ತಾನೆ, ಕೆಲಸ ಕೈಗೂಡಿದ ಮೇಲೆ ಬೆಟ್ಟಕ್ಕೆ ಹೋಗಿ ಮುಡಿ ಕೊಟ್ಟು ಬರುತ್ತಾನೆ. ನನ್ನಂಥವನಿಗೆ ಇದರಲ್ಲೊಂದು ಅನುಕೂಲವಿದೆ. ನಾವು ಸುಮ್ಮನೆ ಕೂತಿದ್ದರೂ ಭಕ್ತಿ ತನ್ನಷ್ಟಕ್ಕೆ ತಾನು ಬೆಳೆಯುತ್ತಿರುತ್ತದೆ.

ನನ್ನ ಕಷ್ಟದ ಹೆಸರು ಮಾದೇವಿ. ಹೂಗ್ಯಂ ಕಡೆಯ ಕಾಡಂಚಿನ ಊರೊಂದರಲ್ಲಿ ನಾನು ಸರ್ಕಾರಿ ಶಾಲೆಯ ಮೇಷ್ಟ್ರು. ಅವಳು ನಾಲ್ಕನೆಯ ತರಗತಿಯ ಹುಡುಗಿ, ಕಿವಿ ಅಷ್ಟಾಗಿ ಕೇಳಿಸದು. ಅಂಥ ಮಕ್ಕಳೂ ಎಲ್ಲರೊಡನೆಯೇ ಕಲಿಯಬೇಕೆಂದು ಕೊಳ್ಳೇಗಾಲದಲ್ಲಿ ನಮಗೆ ಮೂರು ದಿನ ತರಬೇತಿ ಕೊಟ್ಟಿದ್ದರು. ಕೊನೆಯ ದಿನದ ಹೋಳಿಗೆ ನನಗೆ ಚೆನ್ನಾಗಿ ನೆನಪಿದೆ. ಮಾದೇವಿಯನ್ನು ಮುಂದಿನ ಸಾಲಿನಲ್ಲಿ ಕೂರಿಸಿ ಗಂಟಲು ಹರಿಯುವಂತೆ ಕೂಗಿ ಪಾಠ ಮಾಡಿದೆ. ಉಕ್ತಲೇಖನದಲ್ಲಿ ಹತ್ತಕ್ಕೆ ಎರಡು ಪದ ಬರೆದರೆ ಹೆಚ್ಚು.

ಒಂದು ದಿನ ಅವಳ ತಾಯಿ ಶಾಲೆಗೇ ಬಂದರು. "ದೀಪಾವಳಿ ಗಂಟ ನೋಡ್ತೀನಿ ಸಾ. ಆಗ್ಲೂ ಏನೂ ಬರ್ನಿಲ್ಲ ಅಂದ್ರೆ ಬುಡಿಸ್ಬುಡ್ತೀನಿ. ಸುಮ್ಕೆ ಕೂತು ಎದ್ದು ಬರಾಕೆ ಇಸ್ಕೂಲ್ ಯಾಕೆ?" ಎಂದರು. ನನಗೆ ನಿಜಕ್ಕೂ ಸಂಕಟವಾಯಿತು. ಅಂದೇ ಹರಕೆ ಹೊತ್ತೆ: ಈ ಮಗು ಹತ್ತಕ್ಕೆ ಹತ್ತು ಬರೆಯುವವರೆಗೂ ಗಡ್ಡ ಮೀಸೆ ಮುಟ್ಟೆ.

ಊರಿನಲ್ಲಿ ನನ್ನ ಕೀರ್ತಿ ಗಡ್ಡಕ್ಕಿಂತ ಬೇಗ ಬೆಳೆಯಿತು. ಬಸ್ಸಿನಲ್ಲಿ ಎದ್ದು ಸೀಟು ಬಿಟ್ಟುಕೊಟ್ಟರು, ಪರರ ಮಗುವಿಗೆ ಹರಕೆ ಹೊತ್ತ ಪುಣ್ಯಾತ್ಮ ಎಂದರು. ನಾನೂ ಬೇಡವೆನ್ನಲಿಲ್ಲ. ಇತ್ತ ಮಾದೇವಿಯ ಎರಡು ಪದ ಒಂದಾಯಿತು, ಒಂದು ಸೊನ್ನೆಯಾಯಿತು. ನಾನು ಮಾದಪ್ಪನಿಗೆ ಇನ್ನಷ್ಟು ಗಟ್ಟಿಯಾಗಿ ಕೈಮುಗಿದೆ.

ಕಣ್ಣು ತೆರೆಸಿದವರು ಶಾಲೆಯ ಬಿಸಿಯೂಟದ ಅಡುಗೆಯ ಚಿಕ್ಕತಾಯಮ್ಮ. ತಟ್ಟೆಗಳ ಗದ್ದಲದ ನಡುವೆ ಅವರು ಮೆಲ್ಲಗೆ, "ಇನ್ನೊಸಿ ಇಕ್ಲಾ ಮಗ?" ಎಂದರೆ ಮಾದೇವಿ ಥಟ್ಟನೆ, "ಸಾಕು ಕಣತ್ತೆ" ಎಂದಳು. ನಾನು ಬಾಯಿ ಬಿಟ್ಟು ನಿಂತೆ.

"ನಿಮ್ಮ ಮಾತು ಅವಳಿಗೆ ಹೇಗೆ ಕೇಳಿಸುತ್ತದಮ್ಮ?"

"ಕೇಳಾದೆಲ್ಲಿ ಬಂತು ಸಾ? ಬಾಯ್ ನೋಡ್ಕಂಡ್ ತಿಳ್ಕತಾಳೆ. ನಿಮ್ಮ ಆ ಪೊದೇಲಿ ಬಾಯ್ ಎಲ್ಲದೆ ಅಂತ ಉಡುಕ್ಬೇಕು ಆ ಮಗ?"

ಮನೆಗೆ ಹೋಗಿ ತರಬೇತಿಯ ಪುಸ್ತಕ ಹುಡುಕಿ ತೆಗೆದೆ. 'ತುಟಿ ಕಾಣುವಂತೆ, ಮಗುವಿನ ಕಡೆ ಮುಖ ಮಾಡಿ ಮಾತಾಡಿ' ಎಂದು ನನ್ನದೇ ಮುದ್ದಾದ ಅಕ್ಷರದಲ್ಲಿ ಬರೆದು, ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದೆ. ಅವಳಿಗಾಗಿ ಹೊತ್ತ ಹರಕೆಯೇ ಅವಳ ದಾರಿಗೆ ಬೇಲಿಯಾಗಿತ್ತು. ನಾಚಿಕೆಯಿಂದ ಆ ದಿನ ಊಟ ಸೇರಲಿಲ್ಲ.

ಭಾನುವಾರವೇ ಬೆಟ್ಟ ಹತ್ತಿದೆ. "ಅರಕೆ ತೀರ್ತಾ ಸಾ?" ಎಂದು ಕೇಳಿದ ಮುಡಿ ತೆಗೆಯುವವನಿಗೆ, "ಇಲ್ಲ ಕಣಪ್ಪ, ತೀರಲಿ ಅಂತಲೇ ತೆಗೆಸುತ್ತಿದ್ದೇನೆ" ಎಂದೆ. ಅವನು ನನ್ನನ್ನು ಒಂದು ಥರ ನೋಡಿ ಕತ್ತಿ ಮಸೆದ.

ದೀಪಾವಳಿಗೆ ಎರಡು ದಿನವಿದ್ದಾಗ ಮಾದೇವಿ ಹತ್ತಕ್ಕೆ ಆರು ಬರೆದಳು. ತಾಯಿ ಆ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿ, "ಇರ್ಲಿ ಬುಡಿ ಸಾ, ಬತ್ತಾಳೆ" ಎಂದಷ್ಟೇ ಹೇಳಿ ಹೊರಟರು. ಅವರು ಮರೆಯಾಗುವವರೆಗೂ ನಾನು ಬಾಗಿಲಲ್ಲೇ ನಿಂತಿದ್ದೆ.

ಹಬ್ಬ ಮುಗಿಸಿ ಬಂದ ದಿನ ಹುಮ್ಮಸ್ಸು ಹೆಚ್ಚಾಗಿ, ಹಳೆಯ ಚಾಳಿಯಂತೆ ಹಲಗೆಯ ಕಡೆ ತಿರುಗಿ ಬರೆಯುತ್ತ ಬರೆಯುತ್ತ ಪಾಠ ಹೇಳತೊಡಗಿದೆ. ಬೆನ್ನ ಹಿಂದೆ, ಮುಂದಿನ ಸಾಲಿನಿಂದ ಡೆಸ್ಕು ಗುದ್ದಿದ ಸದ್ದು. ಅರ್ಧಂಬರ್ಧ ಅಕ್ಷರಗಳ, ಆದರೆ ಸ್ಪಷ್ಟ ಸಿಟ್ಟಿನ ಒಂದು ದನಿ:

"ಸಾ! ಇತ್ತಾಗ್ ತಿರ್ಗಿ!"

ತಿರುಗಿದೆ. ಇಪ್ಪತ್ತೆರಡು ವರ್ಷದಿಂದ ಪಾಠ ಮಾಡುತ್ತಿದ್ದೇನೆ. ನಾನು ಹೇಳುವುದು ತಮಗೆ ತಪ್ಪಿಹೋಗುತ್ತದೆಂದು ಒಬ್ಬರು ಸಿಟ್ಟಾದದ್ದು ಅದೇ ಮೊದಲು.