ಬೆನ್ನು ಮಾಡಿ ಕರೆದವಳು

ಭಾನುವಾರದ ದಿನ ಹುಲಿಗೆಮ್ಮನ ಮಗಳು ಹುಲಿಗೆಮ್ಮನ ತೊಡೆಯ ಮೇಲೆ ಇದ್ದದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ. ಆರು ವರ್ಷದ ಈರಮ್ಮ, ಇನ್ನೂ ಕುತ್ತಿಗೆ ನಿಲ್ಲದ, ಕೈಕಾಲು ಸೆಟೆದುಕೊಂಡ ಹುಡುಗಿ, ಯಾವಾಗಲೂ ಬೇರೆ ಯಾರದೋ ಮಡಿಲಲ್ಲಿ. ಹುಲಿಗೆಮ್ಮನ ಮಡಿಲಲ್ಲಿ ಬೇರೆ ಯಾರದೋ ಮಗು. ಬಹಳ ಸಲ ಅದು ನನ್ನ ಮಗ ಆನಂದ.

ಹುಲಿಗೆಮ್ಮ ದೇವದುರ್ಗದ ಕಡೆಯ ಕುರಿಗಾರರ ಮನೆಯವಳು. ಗಂಡ ತೀರಿದ ಮೇಲೆ ರಾಯಚೂರಿಗೆ ಬಂದು ಹತ್ತಿ ಗಿರಣಿಯಲ್ಲಿ ಕಸ ಆರಿಸುವ ಕೆಲಸಕ್ಕೆ ಸೇರಿದ್ದಳು. ಎತ್ತರದ ಹೆಂಗಸು, ದೊಡ್ಡ ದೊಡ್ಡ ಹೆಜ್ಜೆ. ಸೆರಗಿನ ತುದಿ ಸದಾ ಹಿಂದೆ ಜೋತಾಡುತ್ತಿತ್ತು.

ಅವು ಎಂಬತ್ತರ ದಶಕದ ಮೊದಲ ವರ್ಷಗಳು. ಶಕ್ತಿನಗರದಲ್ಲಿ ವಿದ್ಯುತ್ ಸ್ಥಾವರ ಏಳುತ್ತಿತ್ತು. ನನ್ನ ಗಂಡನಿಗೆ ಅಲ್ಲಿ ಕೆಲಸ. ಗುಲಬರ್ಗಾದಲ್ಲಿ ಬಿ.ಎ. ಮುಗಿಸಿದ್ದ ನಾನು, ನಾಲ್ಕು ವರ್ಷವಾದರೂ ಮಾತು ಬಾರದ, ಕೈ ಬಿಟ್ಟರೆ ಓಡುವ ಮಗನನ್ನು ಕಟ್ಟಿಕೊಂಡು ಮನೆಯ ಬಾಗಿಲು ಹಾಕಿಕೊಂಡಿದ್ದೆ. ಒಂದು ದಿನ ಬಸ್ಸಿನಲ್ಲಿ ಅವನು ಕೈ ಕಚ್ಚಿಕೊಂಡು ಕಿರುಚತೊಡಗಿದ. ಜನ ತಿರುಗಿ ನೋಡಿದರು.

"ಜ್ವರ ಬಂದದ, ಅದಕ್ಕ ಹಿಂಗ ಮಾಡಾಕತ್ತಾನ" ಎಂದೆ, ಯಾರೂ ಕೇಳದಿದ್ದರೂ.

ಎದುರು ಸೀಟಿನ ಹೆಂಗಸು ತನ್ನ ತೊಡೆಯ ಮೇಲಿನ ಹುಡುಗಿಯನ್ನು ಸರಿಮಾಡಿಕೊಂಡು, "ಹೌದೇನ್ರಿ ಅಕ್ಕೋರ? ನನ್ನ ಮಗಳಿಗೂ ಹುಟ್ಟಿದಾಗಿಂದ ಅದೇ ಜ್ವರ ಅದ" ಎಂದಳು.

ಅಷ್ಟು ವರ್ಷಗಳಲ್ಲಿ ಮಗನ ವಿಷಯಕ್ಕೆ ನಾನು ನಕ್ಕದ್ದು ಅದೇ ಮೊದಲು. ಅವಳೇ ಹುಲಿಗೆಮ್ಮ. ಮುಂದಿನ ಭಾನುವಾರ ಅವಳು ಬಾ ಎಂದಿದ್ದ ಗಿರಣಿಯ ಗೋದಾಮಿಗೆ ಹೋದೆ.

ರಜೆಯ ದಿನ ಕಾವಲುಗಾರ ಅದರ ಬೀಗ ತೆಗೆದುಕೊಡುತ್ತಿದ್ದ. ಇಂಥ ಮಕ್ಕಳ ಏಳೆಂಟು ತಾಯಂದಿರು ಸೇರುತ್ತಿದ್ದರು. ಕೂರಲಾರದ ಮಕ್ಕಳನ್ನು ಹತ್ತಿಚೀಲಗಳ ನಡುವೆ ಒತ್ತಿ ಕೂಡಿಸಿದರೆ ಅವೂ ನಮ್ಮಂತೆ ಎದುರಿನ ಲೋಕವನ್ನು ನೋಡುತ್ತಿದ್ದವು. ಅಲ್ಲಿ ಒಂದೇ ಕಟ್ಟಳೆ: ಯಾರೂ ತಮ್ಮ ಮಗುವನ್ನು ಹಿಡಿಯುವಂತಿಲ್ಲ. ಕೊಡುವವಳು "ನಿನ್ನ ಕೂಸು" ಎನ್ನಬೇಕು, ತೆಗೆದುಕೊಳ್ಳುವವಳು "ನನ್ನ ಕೂಸು" ಎನ್ನಬೇಕು.

ಯಾಕೆ ಹೀಗೆ ಎಂದು ಹುಲಿಗೆಮ್ಮನನ್ನು ಕೇಳಿದೆ.

"ನಮ್ಮ ಕೂಸು ನೋಡಿದ್ರ ನಮಗ ಅಳು ಬರ್ತದ್ರಿ. ಮಂದಿ ಕೂಸು ನೋಡಿದ್ರ ಕೆಲಸ ಹೊಳಿತದ" ಎಂದಳು.

ನಿಜವಾಗಿತ್ತು. ನನ್ನ ಮಗನ ಬಾಯಿಗೆ ತುತ್ತಿಡುವಾಗ ನಡುಗುವ ನನ್ನ ಕೈ ಈರಮ್ಮನಿಗೆ ಗಂಜಿ ಕುಡಿಸುವಾಗ ನಡುಗುತ್ತಿರಲಿಲ್ಲ. ಮಾನ್ವಿಯ ಕಡೆಯಿಂದ ಬರುತ್ತಿದ್ದ ಬಸಮ್ಮ, "ನಮ್ಮತ್ತಿ ಇದು ಹಿಂದಿನ ಜನ್ಮದ ಪಾಪ ಅಂತಾಳ" ಎಂದು ಕಣ್ಣೊರೆಸಿಕೊಂಡಾಗ ಹುಲಿಗೆಮ್ಮ ಬಿಡಲಿಲ್ಲ. "ನಿಮ್ಮತ್ತಿ ಅಲ್ಲಿಗೆ ಹೋಗಿ ನೋಡಿ ಬಂದಾಳೇನಬೇ? ಹಂಗಾದ್ರ ನಾ ಏನಾಗಿದ್ದೆ ಅಂತನೂ ಒಂದ್ಮಾತು ಕೇಳ್ಕೊಂಡು ಬಾ. ಟಗರು ಆಗಿದ್ದೆನೋ ಏನೋ!" ಬಸಮ್ಮ ಅಳುತ್ತಲೇ ನಕ್ಕಳು.

ಆ ಬಸಮ್ಮನ ಮಗ ಐದನೆಯ ವರ್ಷದಲ್ಲಿ ಆಸರೆಯಿಲ್ಲದೆ ಕುಳಿತ. ಸಂತೋಷಕ್ಕೆ ಅವಳು ನಮ್ಮನ್ನೆಲ್ಲ ನೀರಮಾನ್ವಿಗೆ ಕರೆದಳು: ಎಲ್ಲಮ್ಮನಿಗೆ ಕಾಯಿ ಒಡೆಸಿ, ಕಾಲುವೆಯ ದಂಡೆಯ ಬೇವಿನ ನೆರಳಲ್ಲಿ ಹೋಳಿಗೆ ಊಟ.

ಅಂದು ಆನಂದ ಬಸಮ್ಮನ ಕೈಯಲ್ಲಿದ್ದ. ಬಡಿಸಲು ಏಳುತ್ತ ಅವಳು "ನಿನ್ನ ಕೂಸು" ಎಂದಳು. "ನನ್ನ ಕೂಸು" ಎಂದು ಇಬ್ಬರು ಒಟ್ಟಿಗೇ ಕೂಗಿದರು. ಇಬ್ಬರೂ ನಕ್ಕರು. ಅವಳು ಹಿಡಿದಳೆಂದು ಇವಳು, ಇವಳು ಹಿಡಿದಳೆಂದು ಅವಳು. ಬಸಮ್ಮ ಕೈ ಬಿಟ್ಟಳು.

ನಾನು ತಲೆಯೆತ್ತಿದಾಗ ಅವನು ಕಾಲುವೆಯ ತೂಬಿನ ಗೋಡೆಯ ಮೇಲಿದ್ದ. ಪಾದದಷ್ಟೇ ಅಗಲದ ಗೋಡೆ. ಒಂದು ಬದಿಗೆ ತುಂಬಿ ಓಡುವ ಕಂದು ನೀರು, ಇನ್ನೊಂದು ಬದಿಗೆ ಅದೇ ನೀರು ಸುಳಿ ಸುತ್ತಿ ಬೀಳುವ ಗುಂಡಿ. ಕೆಂಪು ಅಂಗಿ. ಎರಡೂ ಕೈ ಚಾಚಿ, ನೀರು ನೋಡುತ್ತ ನಗುತ್ತಿದ್ದ. ನಾನು ಎದ್ದು ನಿಂತೆನೇ ಹೊರತು ಮುಂದೆ ಹೋಗಲಿಲ್ಲ. ಬಸಮ್ಮ ಚೀರಿ ಓಡಿದಳು. ಅವನು ತಿರುಗಿ ನೋಡಿ, ಇದು ಹಿಡಿಯುವ ಆಟವೆಂದುಕೊಂಡು, ಇನ್ನೂ ಮುಂದಕ್ಕೆ ಎರಡು ಹೆಜ್ಜೆ ಓಡಿದ. ಒಂದು ಕಾಲು ಜಾರಿತು. ಮತ್ತೆ ನಿಂತ.

"ನಿಂದ್ರಬೇ! ಯಾರೂ ಅಲುಗಬ್ಯಾಡ್ರಿ!"

ಹುಲಿಗೆಮ್ಮ. ಅವಳು ಗೋಡೆಯ ತುದಿಯವರೆಗೆ ನಿಧಾನ ಹೋದಳು. ಅವನನ್ನು ನೋಡಲಿಲ್ಲ, ಹೆಸರು ಹಿಡಿದು ಕರೆಯಲಿಲ್ಲ. ಬೆನ್ನು ಮಾಡಿ ನಿಂತು, ಸೆರಗನ್ನು ಹಿಂದಕ್ಕೆ ಇಳಿಬಿಟ್ಟು, ಕುರಿ ಕರೆಯುವಂತೆ ನಾಲಿಗೆ ಉರುಳಿಸಿ "ಟುರ್‌ರ್‌ರ್... ಟುರ್‌ರ್‌ರ್..." ಎನ್ನುತ್ತ ನಮ್ಮ ಕಡೆಗೆ ನಡೆಯತೊಡಗಿದಳು.

ಅವನಿಗೆ ಬೆನ್ನು ಮಾಡಿ. ಅವನು ಬಿದ್ದರೆ ಅವಳಿಗೆ ಕಾಣುತ್ತಿರಲಿಲ್ಲ. ನನಗೆ ಅವಳ ಮುಖ ಕಾಣುತ್ತಿತ್ತು: ತುಟಿ ಕುರಿ ಕರೆಯುತ್ತಿತ್ತು, ಕಣ್ಣು ನನ್ನ ಮುಖದ ಮೇಲೆ ನೆಟ್ಟಿತ್ತು. ಅವನು ಏನು ಮಾಡುತ್ತಿದ್ದಾನೆಂದು ಅವಳು ನನ್ನ ಮುಖದಲ್ಲಿ ಓದುತ್ತಿದ್ದಳು. ಅದು ತಿಳಿದ ಮೇಲೆ ನಾನು ಕಣ್ಣು ಮುಚ್ಚುವಂತಿರಲಿಲ್ಲ.

ಆನಂದ ನಿಂತ. ಕೈ ಇಳಿಸಿದ. ದೂರವಾಗುತ್ತಿರುವ ಸೆರಗನ್ನು ನೋಡಿದ. ಗೋಡೆಯ ಮೇಲೆ ಮೆಲ್ಲಗೆ ಮರಳಿ ಬಂದು, ಮಣ್ಣಿಗಿಳಿದು, ಓಡಿ ಬಂದು ಆ ಸೆರಗನ್ನು ಹಿಡಿದುಕೊಂಡ. ಗೋದಾಮಿನಲ್ಲಿ ಭಾನುವಾರವಿಡೀ ಹಿಡಿದು ತಿರುಗುತ್ತಿದ್ದ ಹಾಗೆ. ಹುಲಿಗೆಮ್ಮ ಆಗಲೂ ತಿರುಗಲಿಲ್ಲ. ನನ್ನ ತನಕ ನಡೆದು ಬಂದು, "ನಿನ್ನ ಕೂಸು" ಎಂದಳು. ಕಟ್ಟಳೆ ಮುರಿದು ನನಗೇ ಕೊಟ್ಟಳು. ಆಮೇಲೆ ಕುಸಿದು ಕುಳಿತು ನೆಲಕ್ಕೆ ಕೈಯೂರಿ ವಾಂತಿ ಮಾಡಿಕೊಂಡಳು.

ಅಂದಿನಿಂದ ಕಟ್ಟಳೆಗೆ ಒಂದು ಮಾತು ಸೇರಿತು. "ಬಾಯಿಲೆ ಅಲ್ಲ, ಕೈಲೆ ಹೇಳ್ರಿ." ಮಗುವಿನ ರಟ್ಟೆ ಹಿಡಿಯದೆ ಯಾರೂ "ನನ್ನ ಕೂಸು" ಎನ್ನಲಿಲ್ಲ. ನನ್ನೊಳಗೆ ಮಾತ್ರ ಆನಂದ ಇಂದಿಗೂ ಆ ಗೋಡೆಯ ಮೇಲೆ ನಡೆಯುತ್ತಿದ್ದಾನೆ. ನಲ್ಲಿಯ ನೀರು ಜೋರಾಗಿ ಬಿದ್ದರೂ ತಿರುಗಿ ಅವನೆಲ್ಲಿ ಎಂದು ನೋಡುತ್ತೇನೆ.

ಕೆಲವು ವರ್ಷಗಳ ಮೇಲೆ ಈರಮ್ಮ ಎದೆಗೆ ಕಫ ಕಟ್ಟಿ ತೀರಿಕೊಂಡಳು. ಹುಲಿಗೆಮ್ಮ ಇನ್ನು ಬರಲಾರಳು ಎಂದುಕೊಂಡೆವು. ಮಣ್ಣಾದ ಮರುವಾರವೇ ಬಂದಳು, ಬರಿಗೈಯಲ್ಲಿ. ಎಲ್ಲರೂ ಅವಳನ್ನೇ ನೋಡಿದೆವು.

"ಯಾಕ ಹಂಗ ನೋಡ್ತೀರಿ? ಇಲ್ಲಿ ಯಾರ ಕೂಸು ಅವರ ಹತ್ರ ಇರ್ತದ? ಕೊಡ್ರಿ ಒಂದ" ಎಂದು ಮಡಿಲು ಚಾಚಿದಳು.

ಬಸಮ್ಮ ತನ್ನ ಮಗನನ್ನು ಕೊಟ್ಟಳು.

ಮುಂದೊಂದು ದಿನ ಹುಲಿಗೆಮ್ಮ ದೇವದುರ್ಗಕ್ಕೇ ಮರಳಿ ಹೊರಟಳು. "ಅಲ್ಲಿ ಇಂಥವು ಎರಡು ಕೂಸು ಅದಾವಂತ್ರಿ. ಎರಡಿದ್ರ ಸಾಕು, ಅದಲುಬದಲು ಹಿಡಿಬಹುದು" ಎಂದಳು. ರಾಯಚೂರಿನ ಬಸ್ ನಿಲ್ದಾಣಕ್ಕೆ ಆನಂದನನ್ನು ಕರೆದುಕೊಂಡು ಹೋಗಿದ್ದೆ. ಆಗಲೇ ನನ್ನ ಭುಜದೆತ್ತರ ಬೆಳೆದಿದ್ದ, ಅವಳ ಸೆರಗು ಬಿಟ್ಟಿರಲಿಲ್ಲ. ಅವಳು ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಅವನ ರಟ್ಟೆಯನ್ನು ನನ್ನ ಕೈಗಿಟ್ಟಳು.

ಆಮೇಲೆ ಹಿಂದೆ ಹಿಂದಕ್ಕೆ ಹೆಜ್ಜೆ ಹಾಕತೊಡಗಿದಳು. ಅವನ ಮುಖ ನೋಡುತ್ತ, ಜನರನ್ನು ತಾಗುತ್ತ, ಬಸ್ಸಿನ ಮೆಟ್ಟಿಲನ್ನು ಹಿಮ್ಮಡಿಯಿಂದ ತಡಕುತ್ತ.

"ಏ ಯವ್ವಾ, ಬೀಳ್ತಿ! ಮುಂದ ನೋಡ್ಕೊಂಡು ಹತ್ತಬೇ!" ಎಂದು ಕಂಡಕ್ಟರ್ ಕೂಗಿದ.

ಅವಳು ತಿರುಗಲಿಲ್ಲ. ಬೆನ್ನು ಮಾಡಿದ್ದರೆ ಅವನು ಹಿಂದೆಯೇ ಹೋಗುತ್ತಿದ್ದ.